ಜಯನಗರದಲ್ಲಿ ಮೊಂಬಾಸಾದ ಬೋರ್ಡು

ಜಯನಗರದಲ್ಲಿ ನಾನು ಬಾಯಿ ತೆರೆದು ಆಡಿದ ಮೊದಲ ಕನ್ನಡ ಮಾತಿಗೆ ಉತ್ತರ ಬಂದದ್ದು ಇಂಗ್ಲಿಷಿನಲ್ಲಿ.

"ಮನೆ ಖಾಲಿ ಉಂಟಂತೆ, ನೋಡ್ಲಿಕ್ಕೆ ಬಂದೆ" ಎಂದು ಕಿಟಕಿಯ ಸರಳಿನಾಚೆ ನಿಂತಿದ್ದ ಗೃಹಿಣಿಗೆ ಹೇಳಿದ್ದೆ. ಆಕೆ ನನ್ನ ಸೀರೆ, ಚಪ್ಪಲಿ, ಕೈಯಲ್ಲಿದ್ದ ಚರ್ಮದ ಚೀಲ ಎಲ್ಲವನ್ನೂ ನಿಧಾನವಾಗಿ ನೋಡಿ, "ಆರ್ ಯು ಫ್ರಮ್ ಕೇರಳ?" ಎಂದರು.

"ಅಲ್ಲ, ಮೊಂಬಾಸಾದಿಂದ."

"ಅದೆಲ್ಲಿ ಬರುತ್ತೆ?"

"ಆಫ್ರಿಕಾ. ಕೀನ್ಯಾ ದೇಶದ ಬಂದರು."

"ಆಫ್ರಿಕಾ ಅಂತೀರಾ, ಕಪ್ಪಗಿಲ್ವಲ್ಲ ನೀವು!" ಎಂದವರು ಧ್ವನಿ ತಗ್ಗಿಸಿದರು. "ಒಬ್ರೇನಾ? ಯಜಮಾನ್ರು ಆಮೇಲೆ ಬರ್ತಾರಾ?"

ಯಜಮಾನರು ಎಂಬವರು ಇಲ್ಲವೇ ಇಲ್ಲ ಎಂದೆ. "ನಮ್ಮವರನ್ನ ಕೇಳಿ ಹೇಳ್ತೀನಿ" ಎಂದು ಕಿಟಕಿ ಮುಚ್ಚಿದರು. ಕೇಳಿದ ಮೇಲೆ ಎಲ್ಲಿಗೆ ಹೇಳಿ ಕಳಿಸಬೇಕು ಎಂದು ಮಾತ್ರ ವಿಚಾರಿಸಲಿಲ್ಲ. ನಾನು ಆ ಅಗಲವಾದ, ಮರವಿಲ್ಲದ, ಜನವಿಲ್ಲದ ರಸ್ತೆಯ ನಡುವೆ ನಿಂತೆ. ಎರಡು ಹೊಸ ಮನೆ, ನಡುವೆ ಕಲ್ಲು ನೆಟ್ಟ ಖಾಲಿ ಸೈಟುಗಳು, ಆಚೆ ಎಮ್ಮೆಗಳು. ಅಪ್ಪ ಬದುಕಿದ್ದಷ್ಟು ದಿನವೂ 'ನಮ್ಮ ದೇಶ' ಎಂದು ಹೇಳುತ್ತಿದ್ದ ದೇಶಕ್ಕೆ ಬಂದಿದ್ದೆ. ನನ್ನದೇ ಭಾಷೆಯ ಊರಲ್ಲಿ ನಾನು ಪರದೇಶಿಯಾಗಿದ್ದೆ.

ಮೊಂಬಾಸಾದಲ್ಲಿ ಉಳಿದಿರುವ ನಮ್ಮ ನಾಲ್ಕಾರು ಕನ್ನಡ ಮನೆಗಳವರು ಈಗಲೂ ಕೇಳುತ್ತಾರೆ, ಒಂದು ವರ್ಷಕ್ಕೆಂದು ಹೋದವಳು ಅಲ್ಲೇ ಯಾಕೆ ಬೇರು ಬಿಟ್ಟೆ ಎಂದು. ಈ ಬರಹ ಅವರಿಗಾಗಿ. ಇಲ್ಲಿಯವರು ಓದಿದರೆ ಸಂತೋಷ. ಓದಿ ಸಿಟ್ಟಾದರೂ ನನ್ನ ಅಭ್ಯಂತರವಿಲ್ಲ.

ನನ್ನ ಅಪ್ಪ ಮಲ್ಪೆಯ ಕಡೆಯವರು. ಮದುವೆಯಾದ ಹೊಸತರಲ್ಲೇ ಹಡಗು ಹತ್ತಿ ಮೊಂಬಾಸಾದ ಬಟ್ಟೆ ವ್ಯಾಪಾರಿಯೊಬ್ಬರ ಅಂಗಡಿಗೆ ಗುಮಾಸ್ತರಾಗಿ ಹೋದರು. ನಾನೂ ಅಣ್ಣ ಶೇಖರನೂ ಹುಟ್ಟಿದ್ದು ಅಲ್ಲೇ. ಮನೆಯಲ್ಲಿ ಕಡಲತಡಿಯ ಕನ್ನಡ, ಬೀದಿಯಲ್ಲಿ ಸ್ವಾಹಿಲಿ, ಶಾಲೆಯಲ್ಲಿ ಇಂಗ್ಲಿಷು, ಅಂಗಡಿಯಲ್ಲಿ ಗುಜರಾತಿ. ಟೈಪು, ಶಾರ್ಟ್‌ಹ್ಯಾಂಡ್ ಕಲಿತು ಅಲ್ಲಿನ ಇಂಡಿಯನ್ ವರ್ತಕರ ಚೇಂಬರಿನಲ್ಲಿ ಕೆಲಸಕ್ಕೆ ಸೇರಿದೆ. ಚೇಂಬರೆಂದರೆ ವರ್ತಕರ ಸಂಘ; ಸರ್ಕಾರದ ಜೊತೆ ಸುಂಕ, ಪರವಾನಗಿ ಎಂದು ಗುದ್ದಾಡುವುದು ಅದರ ಕೆಲಸ.

ಕೀನ್ಯಾ ಸ್ವತಂತ್ರವಾದ ಮೇಲೆ ಆ ಗುದ್ದಾಟದ ರೀತಿಯೇ ಬದಲಾಯಿತು. ಹೊಸ ಸರ್ಕಾರ ಹೇಳಿದ್ದು ನ್ಯಾಯವಾಗಿಯೇ ಇತ್ತು: ಬರೀ ತಂದು ಮಾರುವುದಲ್ಲ, ನಮ್ಮದನ್ನೂ ಕೊಂಡುಹೋಗಿ, ವ್ಯಾಪಾರದಲ್ಲಿ ಆಫ್ರಿಕನ್ನರಿಗೂ ಪಾಲು ಕೊಡಿ. ನಮ್ಮಲ್ಲಿ ಮಾರಾಟವಾಗುತ್ತಿದ್ದ ಊದುಬತ್ತಿ ಬೆಂಗಳೂರಿನದು, ಆದರೆ ಬೊಂಬಾಯಿಯ ದಲ್ಲಾಳಿಗಳ ಹೆಸರು ಹೊತ್ತು ಬರುತ್ತಿತ್ತು. ಬೆಂಗಳೂರಿನಲ್ಲೇ ಕಚೇರಿ ತೆರೆದು, ಮಾಡುವವರಿಂದ ನೇರವಾಗಿ ಕೊಂಡು, ಬದಲಿಗೆ ಚರ್ಮ ಹದ ಮಾಡಲು ಬೇಕಾದ ನಮ್ಮ ಮರದ ತೊಗಟೆಯನ್ನು ಇಲ್ಲಿಗೆ ಕಳಿಸಿದರೆ ಎರಡೂ ಸರ್ಕಾರಗಳು ಒಪ್ಪುತ್ತವೆ ಎಂದು ಚೇಂಬರು ಲೆಕ್ಕ ಹಾಕಿತು. ಹೋಗಲು ಗಂಡಸರು ಯಾರೂ ತಯಾರಿರಲಿಲ್ಲ. ಅಧ್ಯಕ್ಷರನ್ನು ನಾವೆಲ್ಲ ಮೋಟಾಭಾಯ್ ಎನ್ನುತ್ತಿದ್ದೆವು, ಗುಜರಾತಿಯಲ್ಲಿ ದೊಡ್ಡಣ್ಣ ಎಂದರ್ಥ. ಅವರು ನನ್ನನ್ನು ಕರೆದು, "ಅಲ್ಲಿಯ ಭಾಷೆ ನಿನಗೆ ಬರುತ್ತದಲ್ಲ ಸುಮತಿ, ಒಂದು ವರ್ಷ ನೋಡು. ಆಗದಿದ್ದರೆ ಬಾಗಿಲು ಹಾಕಿ ಬಾ" ಎಂದರು. ಬಾಗಿಲು ಹಾಕುವ ಮಾತನ್ನು ಅವರು ತೆರೆಯುವ ಮೊದಲೇ ಆಡಿದ್ದು ನನಗೆ ಹಿಡಿಸಲಿಲ್ಲ. ಹಾಕುವುದಿಲ್ಲ ಎಂದು ಅಂದೇ ನಿಶ್ಚಯಿಸಿದೆ.

ಕಿಟಕಿಗಳು ಇನ್ನೂ ಕೆಲವು ಮುಚ್ಚಿದವು. ಒಬ್ಬರು ಜಾತಿ ಕೇಳಿದರು, ಇನ್ನೊಬ್ಬರು ಮೀನು ತಿನ್ನುತ್ತೀರಾ ಎಂದು ಕೇಳಿದರು. ತಿನ್ನುತ್ತೇನೆ ಎಂದೆ. ಸುಳ್ಳು ಹೇಳಬಹುದಿತ್ತು, ಆದರೆ ಬಾಡಿಗೆ ಮನೆಗೋಸ್ಕರ ಮೀನನ್ನು ಬಿಟ್ಟುಕೊಡುವಷ್ಟು ನಾನು ಸೋತಿರಲಿಲ್ಲ. ಕೊನೆಗೆ ಮನೆ ಸಿಕ್ಕಿದ್ದು ಪಿಳ್ಳಮ್ಮನವರದು. ಪಿಳ್ಳಮ್ಮ ಭೈರಸಂದ್ರದ ಒಕ್ಕಲು ಮನೆತನದ ವಿಧವೆ. ಬಡಾವಣೆಯವರು ಅವರ ರಾಗಿ ಹೊಲವನ್ನು ತೆಗೆದುಕೊಂಡು ಬದಲಿಗೆ ಕೊಟ್ಟ ಸೈಟಿನಲ್ಲಿ ಅವರು ಮಹಡಿ ಮನೆ ಕಟ್ಟಿಸಿದ್ದರು. ಹಿಂದಿನ ಭಾಗದಲ್ಲಿ ತಾವಿದ್ದು, ಮುಂದಿನದನ್ನು ಬಾಡಿಗೆಗೆ ಬಿಟ್ಟಿದ್ದರು.

ನಾನೇ ಮೊದಲು ಎಲ್ಲ ಹೇಳಿಬಿಟ್ಟೆ: ಒಬ್ಬಳೇ ಇದ್ದೇನೆ, ಮದುವೆಯಾಗಿಲ್ಲ, ಮೀನು ತಿನ್ನುತ್ತೇನೆ, ಮುಂದಿನ ಕೋಣೆಯಲ್ಲಿ ಆಫೀಸು ಇಡುತ್ತೇನೆ, ಬಾಗಿಲಿಗೆ ಬೋರ್ಡು ಹಾಕುತ್ತೇನೆ.

ಪಿಳ್ಳಮ್ಮ ಅಡಿಕೆ ಅಗಿಯುತ್ತಾ ಕೇಳಿಸಿಕೊಂಡರು. "ನಾನೇನು ಹೆಣ್ಣು ನೋಡೋಕ್ ಬಂದಿದೀನಾ ತಾಯಿ, ಇಷ್ಟೆಲ್ಲ ಹೇಳ್ತಿದೀಯಲ್ಲ? ಇರೋದಾದ್ರೆ ಇರು. ಮೀನ್ ತಂದ್ರೆ ನಂಗೂ ಒಂದ್ ತುಂಡು ಇಕ್ಕು."

ಹೀಗೆ ಜಯನಗರದಲ್ಲಿ ಮೊಂಬಾಸಾದ ಬೋರ್ಡು ಏರಿತು. ಓದಿದವರು ನಿಂತು ಮತ್ತೊಮ್ಮೆ ಓದಿ ಮುಂದೆ ಹೋಗುತ್ತಿದ್ದರು.

ಊರಿಗೂ ಊರಿಗೂ ಎಷ್ಟು ಅಂತರ! ಮೊಂಬಾಸಾದಲ್ಲಿ ಬೆವರು ಆರುವುದೇ ಇಲ್ಲ. ಇಲ್ಲಿ ಬೆಳಿಗ್ಗೆ ಹಲ್ಲು ಕಟಕಟಿಸುವ ಚಳಿ. ಅಲ್ಲಿ ಪಕ್ಕದ ಮನೆಯ ಜಗಳ ನಮ್ಮ ಹಜಾರದಲ್ಲೇ ನಡೆಯುತ್ತಿತ್ತು. ಇಲ್ಲಿ ಜನ ಗೇಟಿನ ಹೊರಗೆ ನಿಂತು ಕೆಮ್ಮಿ, ಕರೆದ ಮೇಲೂ ಅನುಮಾನಿಸುತ್ತಾ ಬರುತ್ತಾರೆ. ಎಲ್ಲಕ್ಕಿಂತ ದೊಡ್ಡ ಕೊರತೆ ಕಡಲಿನದು. ಭಾನುವಾರ ಸಂಜೆ ಯಡಿಯೂರು ಕೆರೆಯ ಏರಿಯ ಮೇಲೆ ಹೋಗಿ ಕೂರುತ್ತಿದ್ದೆ. ಆ ನೀರಿಗೆ ಅಲೆಯೂ ಇಲ್ಲ, ಉಪ್ಪಿನ ವಾಸನೆಯೂ ಇಲ್ಲ. ಆಚೆ ದಡ ಕಾಣುವ ನೀರನ್ನು ನೋಡಿದರೆ ನನಗೆ ಉಸಿರು ಕಟ್ಟಿದ ಹಾಗಾಗುತ್ತಿತ್ತು. ಅಳು ಬಂದದ್ದುಂಟು. ಅತ್ತು, ಮುಖ ಒರೆಸಿಕೊಂಡು, ಸೋಮವಾರ ಮತ್ತೆ ಕೆಲಸಕ್ಕೆ ಚಾಮರಾಜಪೇಟೆಯ ಬಸ್ಸು ಹತ್ತುತ್ತಿದ್ದೆ.

ಭಾಷೆಯದು ಇನ್ನೊಂದು ಕಥೆ. ನಾನು "ಉಂಟು" ಎಂದರೆ ಅಂಗಡಿಯವರು ನಗುತ್ತಿದ್ದರು. "ಎಂತ" ಎಂದರೆ "ಯಾವ ನಾಟಕ ಮೇಡಂ?" ಎನ್ನುತ್ತಿದ್ದರು. ಕೆಲವು ತಿಂಗಳು ಕಷ್ಟಪಟ್ಟು "ಇದೆ", "ಏನು", "ಬರ್ತೀನಿ" ಎಲ್ಲ ಕಲಿತೆ. ಆಮೇಲೆ ಒಂದು ದಿನ ಗಾಂಧಿಬಜಾರಿನಲ್ಲಿ ತರಕಾರಿಯಾಕೆ ತಮಿಳು ಬೆರೆಸಿ, ಅವಳ ಪಕ್ಕದ ಹೂವಿನವನು ತೆಲುಗು ಬೆರೆಸಿ, ಇಬ್ಬರೂ ಕನ್ನಡದಲ್ಲಿ ಸೊಗಸಾಗಿ ಜಗಳವಾಡುವುದನ್ನು ಕೇಳಿದೆ. ಇಷ್ಟು ಬಗೆಯ ಕನ್ನಡಕ್ಕೆ ಜಾಗವಿರುವಲ್ಲಿ ನನ್ನದಕ್ಕೆ ಯಾಕಿಲ್ಲ ಎನ್ನಿಸಿತು. ಅಂದಿನಿಂದ "ಉಂಟು" ಮತ್ತೆ ಶುರುವಾಯಿತು, ಈಗಲೂ ಉಂಟು.

ಸಮಾಧಾನ ಸಿಕ್ಕಿದ್ದು ಊಟದಲ್ಲಿ. ಪಿಳ್ಳಮ್ಮ ಮೊದಲ ಸಲ ಮುದ್ದೆ ಬಡಿಸಿದಾಗ ನಾನು ಬೆಚ್ಚಿಬಿದ್ದೆ. ಬಣ್ಣ ಬೇರೆಯೇ ಹೊರತು ಅದು ನಮ್ಮ ಉಗಾಲಿಯೇ! ಉಗಾಲಿ ಎಂದರೆ ಮುಸುಕಿನ ಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ, ತಿರುವಿ, ಗಟ್ಟಿ ಮಾಡಿದ ಮುದ್ದೆ. ಆಫ್ರಿಕಾದ ಬಡವನ ಅನ್ನ. ಅದನ್ನು ಹೇಳಿದಾಗ ಪಿಳ್ಳಮ್ಮ, "ಅಲ್ಲೂ ಮುದ್ದೆ ತಿಂತಾರಾ? ಹಂಗಾದ್ರೆ ಬುದ್ಧಿವಂತರೇ ಬುಡು" ಎಂದರು.

ಕೆಲಸ ಮಾತ್ರ ತೆವಳುತ್ತಿತ್ತು. ಊದುಬತ್ತಿ ಮಾಡುವವರು ಚಾಮರಾಜಪೇಟೆಯಿಂದ ಶ್ರೀನಗರದವರೆಗೆ ಗಲ್ಲಿಗಲ್ಲಿಯಲ್ಲಿದ್ದರು. ಅವರಲ್ಲಿ ಹಿರಿಯರಾದ ನಂಜುಂಡಶೆಟ್ಟರ ಕಾರ್ಖಾನೆಗೆ ಹೋದರೆ ಅವರು ಬೆಂಚು ಕೊಟ್ಟು, ಕಾಫಿ ಕೊಟ್ಟು, "ಬೊಂಬಾಯಿಯೋರನ್ನ ಬಿಟ್ಟು ನಿಮ್ಮನ್ನ ನಂಬೋದು ಹೆಂಗಮ್ಮ? ಅವರು ಮೋಸ ಮಾಡಿದ್ರೂ ಮುಖ ಗೊತ್ತಿರೋ ಮೋಸ" ಎನ್ನುತ್ತಿದ್ದರು. ಸಿಟ್ಟು ಬಂದರೂ ನಗು ಬರುತ್ತಿತ್ತು. ಸರ್ಕಾರಿ ಕಚೇರಿಗಳಲ್ಲಿ, "ನಿಮ್ಮ ಆಫೀಸರು ಬರ್ಲಿಲ್ವಾ?" ಎಂದು ನನ್ನ ಬೆನ್ನ ಹಿಂದೆ ನೋಡುತ್ತಿದ್ದರು. ನಾನೇ ಆಫೀಸರು ಎಂದು ಎಷ್ಟು ಕಡೆ ಹೇಳಿದೆನೋ.

ಇಲ್ಲಿನ ವರ್ತಕರ ಸಂಘವೊಂದರ ಕಾರ್ಯದರ್ಶಿ ಕೃಷ್ಣರಾಯರು ಮಾತ್ರ ಬಹಳ ಮರ್ಯಾದೆಯಿಂದ ಕಂಡರು. ಬಸವನಗುಡಿಯ ಹಳೆಯ ಮನೆತನ, ಇಸ್ತ್ರಿ ಮಾಡಿದ ಕೋಟು, ಒಳ್ಳೆಯ ಇಂಗ್ಲಿಷು. ಅವರ ಸಲಹೆ ಸದಾ ಒಂದೇ: "ಈ ಶಾಖೇನ ನಮ್ಮ ಸಂಘದ ಕೆಳಗೆ ತನ್ನಿ. ಹೆಸರು, ವ್ಯವಹಾರ ನಾವು ನೋಡ್ಕೋತೀವಿ. ನೀವು ಪತ್ರವ್ಯವಹಾರ ನೋಡ್ಕೊಳ್ಳಿ. ಹೆಣ್ಣುಮಕ್ಕಳಿಗೆ ಅದೇ ಸುಖ." ನಾನು ಪ್ರತಿ ಸಲವೂ ಕಾಫಿ ಮುಗಿಸಿ, ನಮಸ್ಕಾರ ಹೇಳಿ, ಎದ್ದು ಬರುತ್ತಿದ್ದೆ.

ವರ್ಷ ಮುಗಿಯುತ್ತಾ ಬಂದಿತ್ತು. ಆಗ ಮೋಟಾಭಾಯ್ ತಂತಿ ಕಳಿಸಿದರು: ಬಾಕಾರಿ ಬರುತ್ತಿದ್ದಾರೆ, ಅವರ ಮಾತಿನ ಮೇಲೆ ಎಲ್ಲವೂ ನಿಂತಿದೆ. ಬಾಕಾರಿ ಮೊಂಬಾಸಾದವರೇ, ಅಲ್ಲಿನ ಸಹಕಾರಿ ಅಂಗಡಿಗಳ ಮುಖಂಡರು, ಚೇಂಬರಿನ ಸಮಿತಿಗೆ ಹೊಸದಾಗಿ ಸೇರಿದ್ದ ಮೊದಲ ಆಫ್ರಿಕನ್ ಸದಸ್ಯರು. ನೇರ ಖರೀದಿಯ ಪರವಾನಗಿಗೆ ಅವರು ಶಿಫಾರಸು ಮಾಡಬೇಕಿತ್ತು. ಇಲ್ಲವಾದರೆ ಬಾಗಿಲು ಹಾಕಿ ನಾನು ಹಡಗು ಹತ್ತಬೇಕಿತ್ತು.

ವರ್ತಕರನ್ನೆಲ್ಲ ಕರೆದು ಒಂದು ಸಭೆ, ಒಂದು ಊಟ ಇಡೋಣ ಎಂದು ರಾಯರ ಬಳಿ ಹೋದೆ. ಅವರು ಖುಷಿಯಿಂದ ಒಪ್ಪಿದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ, "ಸಭೆ ಹಾಲ್‌ನಲ್ಲಿ ಮಾಡೋಣ. ಹಾರ ಹಾಕೋಣ, ಭಾಷಣ ಮಾಡೋಣ. ಊಟ ಮಾತ್ರ ಅವರಿಗೆ ಕಂಟೋನ್ಮೆಂಟ್ ಹೋಟ್ಲಲ್ಲಿ ಏರ್ಪಾಟು ಮಾಡೋಣ. ಅವರಿಗೂ ಅದೇ ಅನುಕೂಲ" ಎಂದರು.

"ಅವರನ್ನ ಕೇಳಿದ್ರಾ?"

"ಇಂಥದ್ದನ್ನೆಲ್ಲ ಕೇಳ್ತಾರೇನಮ್ಮ? ನಾವು ಸಂಕುಚಿತ ಮನಸ್ಸಿನೋರಲ್ಲ. ಆದ್ರೆ ನಮ್ಮ ಸದಸ್ಯರು ಅವರ ಜೊತೆ ಒಂದೇ ಪಂಕ್ತೀಲಿ ಕೂರಲ್ಲ. ನಾಕ್ ಜನ ಎದ್ದುಹೋದ್ರೆ ಅವಮಾನ ಯಾರಿಗೆ?"

"ಎದ್ದುಹೋದವರಿಗೆ" ಎಂದೆ. "ಒಂದೇ ಪಂಕ್ತಿ, ರಾಯರೇ. ಅವರ ಹಣ ಬೇಕು, ಪಕ್ಕದ ಎಲೆ ಬೇಡ ಅಂದ್ರೆ ನನ್ನಿಂದ ಆಗ್ಲಿಕ್ಕಿಲ್ಲ."

"ಹಾಗಾದ್ರೆ ಹಾಲ್ ಕೊಡೋದು ನಮ್ಮಿಂದಲೂ ಆಗಲ್ಲ" ಎಂದರು ರಾಯರು, ಅದೇ ಮೃದುವಾದ ಧ್ವನಿಯಲ್ಲಿ.

ಬಾಕಾರಿ ಬಂದ ದಿನ ಅವರನ್ನು ರೈಲು ನಿಲ್ದಾಣದಿಂದ ನೇರ ಬಸವನಗುಡಿಯ ಲಾಡ್ಜಿಗೆ ಕರೆದುಕೊಂಡು ಹೋದೆ. ಮೊದಲೇ ಗೊತ್ತು ಮಾಡಿಟ್ಟ ಕೋಣೆ. ಮ್ಯಾನೇಜರ್ ನನ್ನನ್ನು ನೋಡಿದ, ಟ್ಯಾಕ್ಸಿಯಿಂದ ಇಳಿಯುತ್ತಿದ್ದ ಎತ್ತರದ, ಕಪ್ಪು ಮೈಬಣ್ಣದ, ಬೂದು ಸೂಟಿನ ಮನುಷ್ಯನನ್ನು ನೋಡಿದ. "ರೂಮ್ ಖಾಲಿ ಇಲ್ಲ ಮೇಡಂ. ನಿನ್ನೆ ಮದ್ವೆ ಪಾರ್ಟಿ ಬಂದ್ಬಿಡ್ತು."

ನಾನು ಕೂಗಾಡಿದೆ. ಸ್ವಾಹಿಲಿ, ಕನ್ನಡ, ಇಂಗ್ಲಿಷು ಎಲ್ಲ ಬೆರೆತು ಏನು ಹೇಳಿದೆನೋ ನನಗೇ ಗೊತ್ತಿಲ್ಲ. ಬಾಕಾರಿ ನನ್ನ ಭುಜ ತಟ್ಟಿ ಸ್ವಾಹಿಲಿಯಲ್ಲಿ ಹೇಳಿದರು, "ಬಿಡಮ್ಮ. ಈ ಮಾತಿಗೆ ಅನುವಾದ ಬೇಕಿಲ್ಲ. ಮೊಂಬಾಸಾದ ಬಿಳಿಯರ ಹೋಟೆಲುಗಳಲ್ಲೂ ರೂಮು ಹೀಗೇ ತುಂಬಿರುತ್ತಿತ್ತು."

ಟ್ಯಾಕ್ಸಿ ಜಯನಗರಕ್ಕೆ ತಿರುಗಿತು. ಪಿಳ್ಳಮ್ಮ ಬಾಗಿಲಲ್ಲೇ ಇದ್ದರು. ನಾನು ವಿವರಿಸಲು ಹೊರಟರೆ ಅರ್ಧಕ್ಕೇ ತಡೆದರು. "ಮೇಲ್ಗಡೆ ರೂಮ್ ಐತಲ್ಲ, ಕೊಡು. ಸೊಳ್ಳೆ ಪರದೆ ಇಲ್ಲ, ಅದೊಂದ್ ಹೇಳ್ಬುಡು. ಅಯ್ಯೋ, ಮಂಚ ಚಿಕ್ಕದಾಯ್ತದೆ ಇವ್ರಿಗೆ. ಬೆಂಚ್ ಸೇರ್ಸಿ ಹಾಕುಸ್ತೀನಿ."

ಮಧ್ಯಾಹ್ನದ ಹೊತ್ತಿಗೆ ಎದುರು ಮನೆಯ ನಿವೃತ್ತ ಅಧಿಕಾರಿ ಗೇಟಿಗೆ ಬಂದರು. ನನ್ನನ್ನು ಬಿಟ್ಟು ಪಿಳ್ಳಮ್ಮನಿಗೇ ಹೇಳಿದರು: "ನೋಡಿ, ಇದು ಗೌರವಸ್ಥರಿರೋ ಬೀದಿ. ಸಿಕ್ಕಸಿಕ್ಕವರನ್ನೆಲ್ಲ ತಂದು ಇಟ್ಕೊಂಡ್ರೆ ಹೆಣ್ಣುಮಕ್ಕಳಿರೋ ಮನೆಯೋರು ಏನ್ಮಾಡ್ಬೇಕು?"

ಪಿಳ್ಳಮ್ಮ ಬಾಯಲ್ಲಿದ್ದ ಎಲೆಯಡಿಕೆಯನ್ನು ಪಕ್ಕಕ್ಕೆ ಉಗಿದರು. "ಗೌರವಸ್ಥರು ಬರೋಕ್ ಮುಂಚೆ ಇದು ನಮ್ ರಾಗಿ ಹೊಲ ಸಾಮಿ. ನಿಮ್ ಮನೆ ಇರೋ ತಾವ ನಮ್ ಕಣ ಇತ್ತು. ನೀವು ಬಂದಾಗ ನೀವ್ಯಾರು ಅಂತ ನಾವ್ ಕೇಳುದ್ವಾ?"

ಅವರು ಗೇಟು ಎಳೆದುಕೊಂಡು ಹೊರಟುಹೋದರು. ನಾನು ಆ ಮಾತನ್ನು ಬಾಕಾರಿಗೆ ಸ್ವಾಹಿಲಿಯಲ್ಲಿ ಹೇಳಿದೆ. ಅವರು ತಲೆ ಹಿಂದಕ್ಕೆ ಹಾಕಿ ನಕ್ಕರು. ಆಮೇಲೆ, "ಅವರ ಹೊಲವನ್ನೂ ತೆಗೆದುಕೊಂಡರೇ?" ಎಂದು ಕೇಳಿದರು. ಅವರ ತಂದೆಯ ಹೊಲವೂ ಬಿಳಿಯರ ತೋಟದೊಳಗೆ ಸೇರಿ ಹೋಗಿತ್ತಂತೆ. ಅದು ನನಗೆ ಅದುವರೆಗೆ ಗೊತ್ತಿರಲಿಲ್ಲ.

ರಾಯರ ಸಂಘದ ಹಾಲ್ ಸಿಗಲಿಲ್ಲವಾದ್ದರಿಂದ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಶಾಮಿಯಾನ ಹಾಕಿಸಿದೆ. ಎಲ್ಲರ ಮನೆಗೂ ನಾನೇ ಹೋಗಿ ಕರೆದೆ, ಒಂದೇ ಪಂಕ್ತಿಯ ಊಟ ಎಂದು ಮೊದಲೇ ಹೇಳಿಯೇ ಕರೆದೆ. ಇಷ್ಟವಿದ್ದವರು ಬರಲಿ, ಬಂದ ಮೇಲೆ ಏಳುವುದು ಬೇಡ ಎಂದೆ. ಪಿಳ್ಳಮ್ಮ ತಮ್ಮ ನಾದಿನಿಯರನ್ನು ಕರೆಸಿ ಮುದ್ದೆ, ಬಸ್ಸಾರು, ಅನ್ನ, ಪಾಯಸ ಮಾಡಿಸಿದರು. ಊಟದ ಹೊತ್ತಾಯಿತು. ಎಲೆಗಳು ಹಾಸಿವೆ, ಜನವಿಲ್ಲ. ಬಾಕಾರಿ ಸೂಟು ಹಾಕಿಕೊಂಡು ಕುರ್ಚಿಯಲ್ಲಿ ಕೂತು ರಸ್ತೆ ನೋಡುತ್ತಿದ್ದರು. ಗಾಳಿಗೆ ಎಲೆಯೊಂದು ಹಾರಿದಾಗ ಎದ್ದುಹೋಗಿ ತಾವೇ ತಂದು ಹಾಸಿದರು. ನನಗೆ ಒಂದು ಮಾತು ಸ್ಪಷ್ಟವಿತ್ತು: ಯಾರೂ ಬರದಿದ್ದರೆ ನಾವು ಮೂವರೇ ಉಣ್ಣುತ್ತೇವೆ, ನಾಳೆ ಬಾಗಿಲು ಹಾಕುತ್ತೇನೆ, ಇನ್ನೊಂದು ಕಡೆ ಬೇರೆ ಎಲೆ ಮಾತ್ರ ಹಾಕಿಸುವುದಿಲ್ಲ.

ಮೊದಲು ಬಂದವರು ನಂಜುಂಡಶೆಟ್ಟರು. ಚಪ್ಪಲಿ ಬಿಟ್ಟು, ಬಾಕಾರಿಗೆ ಕೈಮುಗಿದು, ನನ್ನ ಬಳಿ ಬಂದು ನಿಂತರು. "ಅಮ್ಮ, ನಿಜ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನಾನು ಹೊರಗಡೆ ಎಲ್ಲೂ ಅನ್ನ ತಿನ್ನಲ್ಲ. ನನ್ ಸೊಂತ ತಂಗಿ ಮನೇಲೂ ತಿನ್ನಲ್ಲ. ಆ ನೇಮ ಇವರಿಗೋಸ್ಕರ ಹುಟ್ಟಿದ್ದಲ್ಲ. ಒಂದ್ ಲೋಟ ಹಾಲು, ಎರಡು ಬಾಳೆಹಣ್ಣು ಕೊಡಿ. ಇವರ ಪಕ್ಕದ ಎಲೆ ನಂದೇ."

ಹಾಗೆಯೇ ಕೂತರು. ಅವರು ಕೂತದ್ದನ್ನು ರಸ್ತೆಯ ತಿರುವಿನಲ್ಲಿ ನಿಂತು ನೋಡುತ್ತಿದ್ದವರು ಇದ್ದರೆಂದು ಕಾಣುತ್ತದೆ. ಒಬ್ಬೊಬ್ಬರಾಗಿ ಬರತೊಡಗಿದರು. ಎಲ್ಲರೂ ಬರಲಿಲ್ಲ. ರಾಯರಾಗಲೀ ಅವರ ಸಂಘದ ದೊಡ್ಡವರಾಗಲೀ ಇತ್ತ ಸುಳಿಯಲಿಲ್ಲ. ಎಲೆಗಳು ಮಿಕ್ಕವು. ಬಂದವರು ಮಾತ್ರ ಏಳಲಿಲ್ಲ.

ಬಾಕಾರಿ ಮುದ್ದೆಯ ತುಂಡು ಮುರಿದು, ಉಗಾಲಿ ತಿನ್ನುವ ಕ್ರಮದಲ್ಲಿ ಹೆಬ್ಬೆರಳಿನಿಂದ ಒತ್ತಿ ಗುಳಿ ಮಾಡಿ, ಅದರಲ್ಲಿ ಸಾರು ತುಂಬಿಕೊಂಡು ಬಾಯಿಗಿಟ್ಟು ಅಗಿಯತೊಡಗಿದರು. ಬಡಿಸುತ್ತಿದ್ದ ಪಿಳ್ಳಮ್ಮ ಕಿರುಚಿದರು. "ಅಗೀಬ್ಯಾಡಪ್ಪೋ! ನುಂಗು, ನುಂಗು! ಮುದ್ದೆ ಅಗುದ್ರೆ ಹಲ್ಲಿಗಂಟ್ಕೋತದೆ!"

ಪಂಕ್ತಿಯೆಲ್ಲ ನಕ್ಕಿತು. ಆಚೀಚೆಯವರು ನುಂಗಿ ತೋರಿಸಿದರು. ಬಾಕಾರಿ ನುಂಗಿ, ಕಣ್ಣಲ್ಲಿ ನೀರು ತಂದುಕೊಂಡು, ಇನ್ನೊಂದು ಮುದ್ದೆ ಕೇಳಿದರು. ಆಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು: "ಮೊಂಬಾಸಾದಲ್ಲಿ ಹುಟ್ಟಿ, ಇಂಡಿಯನ್ನರ ಬೀದಿಗಳಲ್ಲೇ ಬೆಳೆದವನು ನಾನು. ಇಂಡಿಯನ್ನರ ಜೊತೆ ಕೂತು ಉಣ್ಣುತ್ತಿರುವುದು ಇದೇ ಮೊದಲು. ಅದಕ್ಕೆ ನಾನು ಸಮುದ್ರ ದಾಟಬೇಕಾಯಿತು."

ಮೊಂಬಾಸಾದ ನಮ್ಮವರೇ, ಈ ಮಾತನ್ನು ನಿಮಗೋಸ್ಕರ ಇಲ್ಲಿ ಬರೆದಿದ್ದೇನೆ. ಬಸವನಗುಡಿಯ ಲಾಡ್ಜಿನವನನ್ನು ಬೈದು ಮುಗಿಸಿದ ಮೇಲೆ ಇದನ್ನು ಇನ್ನೊಮ್ಮೆ ಓದಿ.

ಮಾತುಕತೆ ಅದೇ ಶಾಮಿಯಾನದಡಿ ನಡೆಯಿತು. ಊದುಬತ್ತಿ ಮಾಡುವವರು ಒಂದು ಗುಂಪಾಗಿ, ಬಾಕಾರಿಯ ಸಹಕಾರಿ ಅಂಗಡಿಗಳು ನೇರವಾಗಿ ಅವರಿಂದ ಕೊಳ್ಳುವುದೆಂದು ಒಪ್ಪಂದವಾಯಿತು. ಪರವಾನಗಿಯೂ ಬಂತು. ಬೆಂಗಳೂರಿನ ಊದುಬತ್ತಿ ಬೆಂಗಳೂರಿನ ಹೆಸರಿನಲ್ಲೇ ಮದರಾಸಿನಿಂದ ಹಡಗು ಹತ್ತಿತು. ತೊಗಟೆಯ ಮೇಲಿನ ಸುಂಕ ಇಳಿಸಲು ಮಾತ್ರ ದೆಹಲಿಯವರೆಗೆ ಅಲೆದರೂ ಆಗಲಿಲ್ಲ, ಅಲ್ಲಿ ಸೋತೆ.

ಗೆದ್ದದ್ದಕ್ಕೆ ಬಹುಮಾನವೂ ಸಿಕ್ಕಿತು. ರಾಯರು ಮೋಟಾಭಾಯ್‌ಗೆ ದೂರು ಕೊಟ್ಟರು: ನಿಮ್ಮ ಪ್ರತಿನಿಧಿ ಇಲ್ಲಿನ ಪ್ರತಿಷ್ಠಿತರನ್ನು ಎದುರು ಹಾಕಿಕೊಂಡಿದ್ದಾಳೆ. ಶಾಖೆಯನ್ನು ರಾಯರ ಸಂಘಕ್ಕೆ ಒಪ್ಪಿಸಿ ಹೊರಟು ಬಾ ಎಂದು ತಂತಿ ಬಂತು. ಒಪ್ಪಿಸುವುದಿಲ್ಲ, ಬರುವುದೂ ಇಲ್ಲ ಎಂದು ಮರುತಂತಿ ಕೊಟ್ಟೆ. ಚೇಂಬರಿನ ಸಭೆಯಲ್ಲಿ ಬಾಕಾರಿ ನನ್ನ ಪರ ಜೋರಾಗಿ ವಾದಿಸಿದರಂತೆ. ಕೊನೆಗೆ, ಚೇಂಬರಿನ ಹೆಸರು ಇಟ್ಟುಕೋ, ಸಂಬಳ ಇಲ್ಲ ಎಂದು ತೀರ್ಮಾನವಾಯಿತು. ನಂಜುಂಡಶೆಟ್ಟರು ಸುದ್ದಿ ಕೇಳಿ, "ಸಂಬಳ ಯಾರ ಕೆಲಸ ಮಾಡ್ತೀರೋ ಅವರು ಕೊಡ್ಬೇಕು ತಾನೆ? ನಾವ್ ಕೊಡ್ತೀವಿ ಬಿಡಿ" ಎಂದರು. ಬೋರ್ಡು ಇಳಿಯಲಿಲ್ಲ.

ಅಷ್ಟರಲ್ಲಿ ಕೀನ್ಯಾ ಸರ್ಕಾರ ನಮ್ಮಂಥವರಿಗೆ ಕೊಟ್ಟಿದ್ದ ಗಡುವು ಹತ್ತಿರ ಬಂತು: ಪ್ರಜೆಗಳಾಗುವವರು ಅರ್ಜಿ ಹಾಕಿ, ಇಲ್ಲವಾದರೆ ಪರಕೀಯರಾಗಿಯೇ ಇರಿ. ಅಣ್ಣ ಶೇಖರ ಬ್ರಿಟಿಷ್ ಪಾಸ್‌ಪೋರ್ಟು ಉಳಿಸಿಕೊಂಡ. ಮುಂದೆ ಲಂಡನ್ನಿಗೆ ಹೋಗುವವನಿದ್ದ. ಗಡುವಿನ ಮೊದಲು ನಾನು ಮೊಂಬಾಸಾಕ್ಕೆ ಹೋದೆ. ಅವನು ನನ್ನನ್ನು ಕೂರಿಸಿಕೊಂಡು ಬುದ್ಧಿ ಹೇಳಿದ. "ನೀನಿರುವುದು ಬೆಂಗಳೂರಿನಲ್ಲಿ. ಇಂಡಿಯಾದವಳಾಗು, ಇಲ್ಲ ನನ್ನ ಜೊತೆ ಬಾ. ಈ ದೇಶದಲ್ಲಿ ನಮಗೆಂತ ಉಂಟು? ನಾಳೆ ಇವರೇ ನಮ್ಮನ್ನು ಓಡಿಸುತ್ತಾರೆ."

"ಓಡಿಸಿದಾಗ ನೋಡುವ" ಎಂದು ನಾನು ಕೀನ್ಯಾಕ್ಕೆ ಅರ್ಜಿ ಹಾಕಿದೆ.

ಆ ಸಲ ಅಲ್ಲಿ ಇನ್ನೊಂದು ಸಂಗತಿ ನಡೆಯಿತು. ಹಳೆಯ ಪೇಟೆಯಲ್ಲಿ ಮೀನು ಕೊಳ್ಳುತ್ತಿದ್ದಾಗ ಮಾರುವಾಕೆ ನನ್ನ ಸ್ವಾಹಿಲಿ ಕೇಳಿ, "ನೀನು ಮ್ಗೆನಿಯೇ?" ಎಂದಳು. ಸ್ವಾಹಿಲಿಯಲ್ಲಿ ಅತಿಥಿಗೂ ಅಪರಿಚಿತನಿಗೂ ಅದೊಂದೇ ಪದ. ಇಷ್ಟು ದಿನ ದೂರವಿದ್ದು ನನ್ನ ನಾಲಿಗೆ ತಿರುಗಿಬಿಟ್ಟಿತ್ತು. ನಾನು ಈ ಊರಿನವಳೇ ಎಂದೆ. ಅವಳು ನಂಬಿದಂತೆ ಕಾಣಲಿಲ್ಲ, ಆದರೂ ನಕ್ಕು ಒಳ್ಳೆಯ ಮೀನು ಆರಿಸಿ ಕೊಟ್ಟಳು.

ಜಯನಗರಕ್ಕೆ ಮರಳಿ ಇಷ್ಟು ಕಾಲವಾಯಿತು. ರಸ್ತೆಯ ಎರಡೂ ಬದಿ ಗಿಡ ನೆಟ್ಟಿದ್ದಾರೆ, ಖಾಲಿ ಸೈಟುಗಳು ಒಂದೊಂದಾಗಿ ತುಂಬುತ್ತಿವೆ. ಬೀದಿಯವರಿಗೆ ನಾನು 'ಆಫ್ರಿಕಾ ಅಮ್ಮ'. ಎದುರು ಮನೆಯ ನಿವೃತ್ತರು ಕಂಡಾಗಲೆಲ್ಲ, "ಯಾವಾಗ ವಾಪಸ್ ಹೊರಡ್ತೀರಾ?" ಎಂದು ವಿಚಾರಿಸುತ್ತಾರೆ. ಹೊರಡುವುದಿಲ್ಲ ಎಂದು ನಾನೂ ಅಷ್ಟೇ ವಿನಯದಿಂದ ಹೇಳುತ್ತೇನೆ. ಕಡಲು ಬೇಕೆನ್ನಿಸಿದ ದಿನ ಇಲ್ಲಿ ನನಗೆ ಊಟ ಸೇರುವುದಿಲ್ಲ. ಮೊಂಬಾಸಾಕ್ಕೆ ಹೋದಾಗ ಬೆಳಗಿನ ಚಳಿಯನ್ನು ಹುಡುಕಿಕೊಂಡು ಬೇಗ ಏಳುತ್ತೇನೆ, ಚಳಿ ಇರುವುದಿಲ್ಲ. ಎರಡು ಊರುಗಳಲ್ಲಿ ಯಾವುದೂ ನನ್ನನ್ನು ಪೂರ್ತಿ ತನ್ನವಳೆಂದು ಒಪ್ಪಿಕೊಂಡಿಲ್ಲ, ಮುಂದೆ ಒಪ್ಪುತ್ತದೆ ಎಂಬ ನಂಬಿಕೆಯೂ ನನಗಿಲ್ಲ. ಕೀನ್ಯಾ ಒಂದು ದಿನ ನನ್ನನ್ನು ಬೇಡ ಅನ್ನಬಹುದು. ಜಯನಗರ ಈಗಾಗಲೇ ಎಷ್ಟೋ ಸಲ ಅಂದಿದೆ. ಅವರು ಏನಾದರೂ ಅನ್ನಲಿ. ಎರಡರಲ್ಲಿ ಯಾವುದನ್ನೂ ನಾನು ಬೇಡ ಅನ್ನುವುದಿಲ್ಲ.